ಕೆರೆಗೆ ಹೆಬ್ಬಾತು ಬಂದಿವೆ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ ತಂಗಿ ಇಬ್ಬರು ಕೂತಿದ್ದರು. ಮಾತು ತೆಗೆದವಳು ತಂಗಿ.

“ಅಕ್ಕಾ, ಕೆರೆಗೆ ಹೆಬ್ಬಾತು ಬಂದಿವೆ.”

“ಚಳಿಗೆ ಮುಂಚೇನೇ ಬಂದ್ವಾ? ತುಂಬಾ ಇದ್ವಾ?”

“ದಂಡುಗಟ್ಟಿ ಇಳಿದಿದ್ವು. ಭಾವನೂ ಇದ್ರು ಅಲ್ಲಿ.”

ಅಕ್ಕ ತೊಡೆಯ ಮೇಲಿದ್ದ ಚೀಲವನ್ನು ಸರಿಮಾಡಿಕೊಂಡಳು.

“ಒಬ್ರೇನಾ?”

“ಇಲ್ಲ, ಅವಳೂ ಇದ್ಲು. ನಿನ್ನ ದುರ್ಬೀನು ಅವಳ ಕೊರಳಲ್ಲಿತ್ತು.”

“ಮನೆ ಬಿಟ್ಟು ಹೋಗುವಾಗ ಅದನ್ನೂ ತಗೊಂಡೇ ಹೋದ್ರಲ್ಲ.”

“ಕಿತ್ಕೊಂಡು ಬಂದುಬಿಡೋಣ ಅನ್ನಿಸ್ತು ನಂಗೆ.”

“ಬೇಡ ಬಿಡು. ಅವಳಿಗೆ ಏನು ಹೇಳ್ತಿದ್ರು?”

“ತಲೆ ಮೇಲೆ ಎರಡು ಕರಿ ಪಟ್ಟೆ ಇದ್ರೆ ಅದೇ ಹೆಬ್ಬಾತು ಅಂತ ಬೆರಳು ಮಾಡಿ ತೋರಿಸ್ತಿದ್ರು.”

“ಸರಿಯಾಗೇ ಹೇಳಿದಾರೆ. ಮದುವೆಯಾದ ಹೊಸದರಲ್ಲಿ ನೀರಲ್ಲಿ ನಿಂತಿದ್ದೆಲ್ಲ ಕೊಕ್ಕರೆ ಅಂತಿದ್ರು. ನಾನೇ ಹೇಳ್ಕೊಟ್ಟಿದ್ದು.”

“ನಿಂಗೆ ಸಿಟ್ಟೇ ಬರಲ್ವಾ ಅಕ್ಕಾ?”

ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುವವಳ ಹಾಗೆ ಅಕ್ಕ ಕಿಟಕಿಯಾಚೆ ನೋಡಿದಳು.

“ಬರುತ್ತೇನೋ ಅಂತ ನಾನೂ ಕಾಯ್ತಾನೇ ಇದೀನಿ ಕಣೇ,” ಎಂದಳು. “ಏಳು, ನಮ್ಮ ಸ್ಟಾಪು ಬಂತು.”

ಕಂಬಿ ಹಿಡಿದುಕೊಂಡು ಇಬ್ಬರೂ ನಿಧಾನವಾಗಿ ಇಳಿದು ಹೋದರು.