ಎರಡನೆಯ ಕೂಗಿಗೆ ಹಾಜರು

ಬಸ್ಸು ಅವಳನ್ನು ಹಿರೇಬೆಂಡಿಗೇರಿ ಕ್ರಾಸಿನಲ್ಲಿ ಇಳಿಸಿ ಹೋದಾಗ ರಾತ್ರಿ ಒಂಬತ್ತೂವರೆ. ಅವಳು ಅಂದರೆ ಜಯಶ್ರೀ, ನಮ್ಮ ಚಿಗವ್ವನ ಮಗಳು. ಊರು ಇನ್ನೂ ಎರಡು ಕಿಲೋಮೀಟರು. ದಾರಿಯ ಎರಡೂ ಕಡೆ ಒಣಗಿ ನಿಂತ ಗೋವಿನಜೋಳ, ನಡುವೆ ಒಂದು ಆಲದ ಮರ, ಅದರ ಬುಡಕ್ಕೆ ಹಾಳು ಬಾವಿ. ಮೊಬೈಲಿನ ಚಾರ್ಜು ಮುಗಿದಿತ್ತು. ಗಂಡ ರವಿಕುಮಾರ ಮಾಸೂರ ಕಡೆ ಕಾಳು ಒಕ್ಕುವ ರಾಶಿ ಮಷೀನಿನ ಜತೆ ಹೋಗಿದ್ದ. ನಡೆಯದೆ ಗತಿಯಿಲ್ಲ.

ನಗಬೇಡಿ. ನಕ್ಕರೆ ನಾನು ಇಲ್ಲಿಗೇ ನಿಲ್ಲಿಸುತ್ತೇನೆ.

ಅವಳ ಸೆರಗಿನೊಳಗೆ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಅವಳಪ್ಪ ನೀಲಪ್ಪನ ಮೃತ್ಯುಪತ್ರ... ಅಸಲು, ನಕಲಲ್ಲ. ಗಂಡುಮಕ್ಕಳಿಲ್ಲದ ನೀಲಪ್ಪ ಸಾಯುವ ಮೊದಲೇ ಇರುವ ಒಂದು ಮನೆಯನ್ನು ಮಗಳಿಗೆ ಬರೆದಿಟ್ಟಿದ್ದ. ಆತ ಸತ್ತ ಮೇಲೆ ಆತನ ಹಳೆಯ ವೈರಿಯೊಬ್ಬ ಬೇರೆ ತಾಲೂಕಿನಲ್ಲಿ ಹೊಲದ ದಾವೆ ಹೂಡಿದ. ಆಗ ವಾರಸಿಕೆ ತೋರಿಸಲೆಂದು ಆ ಕಾಗದವೂ ಅಲ್ಲಿಯ ಕೋರ್ಟಿಗೆ ಹೋಯಿತು, ಹೋದದ್ದು ವಾಪಸ್ ಬರಲಿಲ್ಲ. ಹನ್ನೆರಡು ವರ್ಷ ಯಾರಿಗೂ ಅದರ ನೆನಪಾಗಲಿಲ್ಲ. ಅವಳ ದೊಡ್ಡಪ್ಪನ ಮಗ ಉಳಿವೆಪ್ಪ ಒಂದು ದಿನ ಬಂದು ಪಡಸಾಲೆಗೆ ಬೀಗ ಹಾಕಿ, "ಮನಿ ನಿಂದಂತ ಕಾಗದ ತೋರ್ಸು, ಇಲ್ಲಂದ್ರ ನಿಮ್ಮವ್ವನ್ನ ಕರ್ಕೊಂಡು ನಡಿ" ಅಂದಾಗಲೇ ನೆನಪಾದದ್ದು.

ಮೃತ್ಯುಪತ್ರ ಖರೆ ಎಂದು ಕೋರ್ಟು ಒಪ್ಪಬೇಕು ಅಂತ ಜಯಶ್ರೀ ಅರ್ಜಿ ಹಾಕಿದಳು. ಅಸಲು ತನ್ನಿ ಅಂದರು. ಎಲ್ಲಿಂದ ತರುವುದು?

ಆ ಇನ್ನೊಂದು ಕೋರ್ಟು ಯಾವ ಊರಿನದು ಅಂತ ಕೇಳಬೇಡಿ, ನನಗೆ ಅಲ್ಲಿ ಇನ್ನೂ ಕೆಲಸವಿದೆ. ಹನ್ನೊಂದು ತಿಂಗಳು ಅವಳು ಅಲ್ಲಿಯ ರೆಕಾರ್ಡ್ ರೂಮಿನ ಕಿಟಕಿಗೆ ಅಲೆದಳು. ಪ್ರತಿ ಸಲವೂ ಒಂದೇ ಮಾತು. "ನಂಬರ್ ಇಲ್ಲ, ವರ್ಸ ಇಲ್ಲ. ಬರೇ ನೀಲಪ್ಪ ಅಂದ್ರ ಯಾವ ಗಂಟು ಬಿಚ್ಚೂಣವಾ?" ದಾವೆ ನಡೆಸಿದ ವಕೀಲ ಸತ್ತಿದ್ದ. ಕೊನೆಗೆ ಗೇಟಿನ ಬಳಿ ಅರ್ಜಿ ಬರೆಯುವ ಸವಣೂರಿನ ಖಾದರಸಾಬ ಎಂಬವನು ಅವಳ ಅಳು ನೋಡಲಾರದೆ ಎದ್ದು ಬಂದ. "ನಿಮ್ಮಪ್ಪನ ಹೆಸರ ಹುಡುಕಬ್ಯಾಡ ಬೇಟಿ. ದಾವೆ ಹಾಕಿದವ್ರ ಹೆಸರ ಮ್ಯಾಲೆ ರಿಜಿಸ್ಟರ್ ಇರ್ತೈತಿ. ಆ ವೈರಿ ಹೆಸರ ನೆನಪ ಮಾಡ್ಕೊ." ಅಪ್ಪನ ವೈರಿಯ ಹೆಸರು ಮರೆಯುವುದುಂಟೇ? ಎರಡೇ ದಿನದಲ್ಲಿ ಕಡತ ಸಿಕ್ಕಿತು. ಗೆದ್ದಲು ಅಂಚು ತಿಂದಿತ್ತು, ಅಪ್ಪನ ಹೆಬ್ಬೆಟ್ಟು ಉಳಿದಿತ್ತು. ಅರ್ಜಿ ಕೊಟ್ಟು ಅಸಲು ಬಿಡಿಸಿಕೊಳ್ಳಲು ಮತ್ತೆ ಮೂರು ವಾರ.

ಅಷ್ಟರಲ್ಲಿ ಇತ್ತ ಅವಳ ಸ್ವಂತ ಅರ್ಜಿ ಎರಡು ಸಲ ವಜಾ ಆಗಿತ್ತು. ಒಮ್ಮೆ ಬಸ್ಸು ಕೆಟ್ಟಿತು, ಒಮ್ಮೆ ಅವ್ವನಿಗೆ ದವಾಖಾನೆ. ಕೋರ್ಟಿನ ಪಟ್ಟೇವಾಲಾ ಬಾಗಿಲಿಗೆ ಬಂದು ಮೂರು ಸಲ ಹೆಸರು ಕೂಗುತ್ತಾನೆ, ಮೂರನೆಯದಕ್ಕೂ ಓಗೊಡದಿದ್ದರೆ ಮುಗಿಯಿತು. ಇವಳ ವಕೀಲರು ಎರಡು ಸಲ ಕೈಕಾಲು ಹಿಡಿದು ಅರ್ಜಿಗೆ ಜೀವ ಕೊಡಿಸಿದ್ದರು. ನಾನು ಹೇಳುತ್ತಿರುವ ಆ ಭಾನುವಾರ ಸಂಜೆ ತಮ್ಮ ಮನೆಯಲ್ಲಿ ಪ್ರಮಾಣಪತ್ರಕ್ಕೆ ಸಹಿ ಮಾಡಿಸಿಕೊಂಡು ಹೇಳಿದರು, "ನಾಳೆ ಹನ್ನೊಂದಕ್ಕ ಕೂಗ್ತಾರ, ತಂಗಿ. ನೀ ಖುದ್ದ ಇರಬೇಕು ಅಂದಾರ ಸಾಹೇಬ್ರು. ನಾಳೆ ತಪ್ಪಿತಂದ್ರ ನನ್ನ ಕೈಲಿ ಏನೂ ಇಲ್ಲ. ಕಾಗದ ಬೇಕಾದ್ರ ಇಲ್ಲೇ ಇಟ್ಟು ಹೋಗು."

ಅವಳು ಇಡಲಿಲ್ಲ. ಹನ್ನೊಂದು ತಿಂಗಳು ಹುಡುಕಿದ್ದನ್ನು ಒಂದು ರಾತ್ರಿಗೂ ಬೇರೆಯವರ ಕೈಯಲ್ಲಿ ಬಿಡಲು ಧೈರ್ಯ ಬರಲಿಲ್ಲ ಪಾಪ.

ಸರಿ. ನಡೆಯುತ್ತಿದ್ದಾಳೆ. ಜೋಳದ ಒಣ ಗರಿ ಒಂದಕ್ಕೊಂದು ಉಜ್ಜಿ ಸರ್... ಸರ್... ಅನ್ನುತ್ತಿದೆ. ಅವಳ ಚಪ್ಪಲಿಯದು ಪಟ್, ಪಟ್. ಆಲದ ಹತ್ತಿರ ಬಂದಳು. ಗರಿಯ ಸದ್ದು ನಿಂತಿತು. ಗಾಳಿ ಬೀಸುತ್ತಲೇ ಇತ್ತು, ಕೂದಲು ಹಾರುತ್ತಿತ್ತು... ಗರಿ ಮಾತ್ರ ಅಲುಗುತ್ತಿರಲಿಲ್ಲ.

ಬಾವಿಯ ಕಡೆಯಿಂದ ಬಾಗಿಲ ಚಿಲಕ ತೆಗೆದ ಹಾಗೆ ಕಟಕ್ ಅಂತು. ಆಮೇಲೆ ಯಾರೋ ಕೂಗಿದರು.

"ಜಯಶ್ರೀ... ಕೋಂ ರವಿಕುಮಾರ... ಹಾಜರ್ ಅದಾರೇನ್..."

ಅದೇ ರಾಗ. ಪಟ್ಟೇವಾಲಾ ಶಿದ್ಲಿಂಗಪ್ಪ ಕೋರ್ಟಿನ ಬಾಗಿಲಲ್ಲಿ ನಿಂತು, ಕೊನೆಯ ಅಕ್ಷರವನ್ನು ಎಳೆದು ಬಿಡುವ ಅದೇ ರಾಗ. ದನಿ ಮಾತ್ರ ಶಿದ್ಲಿಂಗಪ್ಪನದಲ್ಲ. ಹಸಿ ಗೋಡೆಗೆ ಬಾಯಿಟ್ಟು ಕೂಗಿದ ಹಾಗಿತ್ತು.

ಅವಳು ನಿಂತಳು. ನಮ್ಮ ಕಡೆ ಮಕ್ಕಳಿಗೆ ಮಾತು ಬರುವ ಮೊದಲೇ ಒಂದು ಬುದ್ಧಿ ಹೇಳಿಕೊಡುತ್ತಾರಲ್ಲ, ಅವಳಿಗೆ ಅವಳವ್ವ ಶೇಖವ್ವ ಹೇಳಿದ್ದೂ ಅದೇ. "ರಾತ್ರಿ ಯಾರರ ಹೆಸರ ಹಿಡದು ಕೂಗಿದ್ರ ಮೂರನೇದಕ್ಕ ಓ ಅನ್ನು. ಅವು ಎರಡರ ಮ್ಯಾಲೆ ಕೂಗಂಗಿಲ್ಲ." ಜಯಶ್ರೀ ಸೆರಗು ಬಾಯಿಗೆ ತುರುಕಿಕೊಂಡಳು.

"ಜಯಶ್ರೀ... ಕೋಂ ರವಿಕುಮಾರ... ಹಾಜರ್ ಅದಾರೇನ್..."

ಎರಡಾಯಿತು.

ಆಮೇಲೆ ಸದ್ದಿಲ್ಲ. ಒಂದು ನಿಮಿಷ... ಎರಡು ನಿಮಿಷ... ಓಡಿ ಹೋಗಿದ್ದರೆ ಮುಗಿಯುತ್ತಿತ್ತು. ನೀವಾಗಿದ್ದರೆ ಓಡುತ್ತಿದ್ದಿರಿ. ಆದರೆ ಹನ್ನೊಂದು ತಿಂಗಳು ಕೋರ್ಟಿನ ಕಟ್ಟೆಯ ಮೇಲೆ ಕುಂತು, ಎರಡು ಸಲ ಹೆಸರು ತಪ್ಪಿಸಿಕೊಂಡು, ಮನೆ ಕೈಬಿಟ್ಟೇ ಹೋಯಿತು ಎಂದು ಎದೆ ಬಡಿದುಕೊಂಡವಳ ತಲೆಯಲ್ಲಿ ಆಗ ದೆವ್ವ ಇರಲಿಲ್ಲ. ಇನ್ನೊಂದೇ ಕೂಗು ಉಳಿದಿದೆ, ಅದೂ ಹೋದರೆ ಅವ್ವನ ಕೈ ಹಿಡಿದು ಬೀದಿಗೆ ಬೀಳಬೇಕು... ಅಷ್ಟೇ ಇದ್ದದ್ದು. ಬಾಯಿಂದ ಸೆರಗು ಕಿತ್ತು, ಇದ್ದಷ್ಟೂ ಉಸಿರಿನಲ್ಲಿ ಕೂಗಿಬಿಟ್ಟಳು.

"ಹಾಜರ್ ಅದೀನ್ರೀ! ಅದೀನ್ರೀ ಸಾಹೇಬ್ರ!"

ಬಾವಿಯೊಳಗೆ ಗುಳುಕ್ ಅಂತು. ತುಂಬಿದ ಕೊಡ ಮುಳುಗಿದ ಹಾಗೆ. ಗರಿ ಮತ್ತೆ ಸರ್... ಸರ್... ಎನ್ನತೊಡಗಿತು.

ಮನೆ ಹೇಗೆ ಮುಟ್ಟಿದಳೋ ಗೊತ್ತಿಲ್ಲ. ಶೇಖವ್ವನಿಗೆ ಕಣ್ಣು ಪೂರಾ ಮಂಜು, ಸದ್ದಿನ ಮೇಲೆಯೇ ಬದುಕು. "ಜಯಾ, ಬಂದ್ಯೇನವಾ?" ಅಂದಳು. ಜಯಶ್ರೀ ಬಾಯಿ ತೆರೆದಳು. ಮಾತು ಬರಲಿಲ್ಲ. ಕೆಮ್ಮಿದರೆ ಕೆಮ್ಮೂ ಸದ್ದಾಗಲಿಲ್ಲ. ಅವ್ವನ ಕೈ ತಂದು ತನ್ನ ಮುಖದ ಮೇಲೆ ಇಟ್ಟುಕೊಂಡಳು. "ಮೈ ಕೆಂಡ ಆಗೇತಲ್ಲ!" ಎಂದು ಮುದುಕಿ ಗಾಬರಿಯಾದಳು.

ರಾತ್ರಿಯೆಲ್ಲ ಜ್ವರ. ಬೆಳಗಿನ ಜಾವ ಹತ್ತಿದ ಕಣ್ಣು ತೆರೆದಾಗ ಗಡಿಯಾರದಲ್ಲಿ ಹನ್ನೊಂದೂವರೆ.

ಹನ್ನೊಂದೂವರೆ!

ಚೀಲ ಅವುಚಿಕೊಂಡು ಓಡಿದಳು. ಸಿಕ್ಕ ಟಂಟಂ ಹತ್ತಿ ಕೋರ್ಟು ಮುಟ್ಟಿದಾಗ ಒಂದು ಗಂಟೆ. ಮೆಟ್ಟಿಲ ಮೇಲೆಯೇ ಕುಸಿದು ಹಣೆ ಬಡಿದುಕೊಂಡಳು, ಅಳುವುದಕ್ಕೂ ದನಿಯಿಲ್ಲ. ಅಷ್ಟರಲ್ಲಿ ವಕೀಲರು ಸಿಟ್ಟಿನಿಂದ ಬಂದರು.

"ಎಲ್ಲಿ ಹೋಗಿದ್ದಿ? ಹಾಜರ್ ಅಂತ ಅಷ್ಟ ಜೋರ ಒದರಿ ಎಲ್ಲಿ ಮಾಯಾದಿ? ಕಾಗದ ಇಸಗೊಳ್ಳಾಕ ಹೊರಗ ಬಂದ್ರ ನೀನ ಇಲ್ಲ!"

ಅವಳು ತನ್ನ ಗಂಟಲು ತೋರಿಸಿ, ಚೀಲವನ್ನು ಅವರ ಕೈಗಿಟ್ಟಳು.

ಬಾಗಿಲಲ್ಲಿ ನಿಂತಿದ್ದ ಶಿದ್ಲಿಂಗಪ್ಪ ಪಿಸುಗುಟ್ಟಿದ, "ಎರಡ ಸಲ ಕೂಗಿದೆನ್ರಿ, ಅಕ್ಕಾರ. ಎರಡನೇದಕ್ಕ ನಿಮ್ಮ ದನಿ ಬಂತು. ಸಾಹೇಬ್ರು ಕೇಳಿ, ಅದಾಳಲ್ಲ, ಮಧ್ಯಾಹ್ನ ತಗೊಳ್ಳೂಣು ಅಂದ್ರು." ಆಮೇಲೆ ಸುತ್ತ ನೋಡಿ, "ಕಟ್ಟಿ ಮ್ಯಾಲೆ ಮಾತ್ರ ಯಾರೂ ಇರಲಿಲ್ರಿ" ಅಂದ.

ಮಧ್ಯಾಹ್ನ ಕಾಗದ ಕೋರ್ಟಿಗೆ ಸೇರಿತು. ಮೃತ್ಯುಪತ್ರಕ್ಕೆ ಸಾಕ್ಷಿ ಹಾಕಿದ್ದ ಫಕ್ಕೀರಪ್ಪಜ್ಜ ಪುಣ್ಯಕ್ಕೆ ಬದುಕಿದ್ದ, ಮುಂದಿನ ತಾರೀಖಿಗೆ ಬಂದು ಹೌದೆಂದ. ಜಯಶ್ರೀ ತನ್ನ ಹೇಳಿಕೆಯನ್ನು ಬರೆದೇ ಕೊಟ್ಟಳು. ಉಳಿವೆಪ್ಪ ಬೀಗ ತೆಗೆದ. ಮನೆ ಈಗ ಅವಳ ಹೆಸರಿಗಿದೆ.

ದನಿ ಬರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ ಎಲ್ಲ ಸರಿ ಇದೆ ಅಂದರು. ನಾನು ಈಗ ಹೇಳಿದ್ದನ್ನೆಲ್ಲ ಅವಳು ನನಗೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ್ದು. ನಾನು ಓದುತ್ತಿದ್ದಾಗಲೇ ಒಳಗಿನಿಂದ ಶೇಖವ್ವ "ಜಯಾ, ಮನಿಯಾಗ ಅದೀಯೇನವಾ?" ಎಂದು ಕೂಗಿದಳು. ಒಂದು ಸಲ, ಎರಡು ಸಲ, ಮೂರು ಸಲ. ಇವಳು ಎದ್ದು ಓಡಿ ಅವ್ವನ ಕೈ ಹಿಡಿದುಕೊಂಡಳು. ಆ ಮನೆ ಉಳಿಸಿಕೊಂಡದ್ದು ಈ ಅವ್ವನಿಗಾಗಿಯೇ. ನನಗೆ ಅಲ್ಲಿ ಕೂರಲಾಗಲಿಲ್ಲ, ಕಣ್ಣು ತುಂಬಿ ಅಂಗಳಕ್ಕೆ ಬಂದುಬಿಟ್ಟೆ.

ಸುಳ್ಳು ಅನ್ನುವವರು ಅನ್ನಿ. ಕೋರ್ಟಿನ ಹಾಳೆಯ ನಕಲು ನಾನೇ ಅರ್ಜಿ ಹಾಕಿ ತೆಗೆಸಿದ್ದೇನೆ, ಸೀಲು ಇದೆ, ಬೇಕಾದವರು ನಾಳೆ ಬೆಳಕಿನಲ್ಲಿ ಬಂದು ನೋಡಿ. ಕೇಸು ನಡೆದದ್ದು ಸೋಮವಾರ, ಹದಿನಾಲ್ಕನೇ ತಾರೀಖು. "ಕೂಗಿಸಲಾಯಿತು, ಅರ್ಜಿದಾರಳು ಹಾಜರು" ಎಂಬ ಸಾಲಿನ ಮುಂದೆ ಇರುವ ತಾರೀಖು ಹದಿಮೂರು.