ಕೆಂಪು ಸುತ್ತಿನೊಳಗಿನ ಬಾಟಲಿ

ಹೊಸೂರು ಬಸ್ ನಿಲ್ದಾಣದಲ್ಲಿ ಕೃಷ್ಣಗಿರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಹೆಂಡತಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು.

“ಪಾರ್ಟಿ ಲೀಡರ್ನ ಕೊಚ್ಚಿದೋರು ಬೈಕಲ್ಲಿ ಹೋದ್ಮೇಲೆ ಕಣಯ್ಯ ಪಕ್ಕದ್ಮನೆ ಪ್ರಮೋದ ಓಡ್ಬಂದಿದ್ದು. ಬಿದ್ದೋನಿಗೆ ಕುಡಿಸ್ಲಿ ಅಂತ ಅಂಗಡಿಯಿಂದ ನೀರಿನ ಬಾಟ್ಲಿ ಕೊಟ್ಟಿದ್ದೇ ನಾನು.”

“ಟಿವಿಲಿ ಮಚ್ಚು ಅಂತಾವ್ರಲ್ಲೇ. ವಿಡಿಯೋದಾಗೆ ಪ್ರಮೋದನ ಕೈ ಸುತ್ತ ಕೆಂಪು ಸುತ್ತು ಹಾಕಿ ತೋರಿಸ್ತಾವ್ರೆ.”

“ಸುತ್ತು ಹಾಕ್ಬುಟ್ರೆ ಬಾಟ್ಲಿ ಮಚ್ಚಾಗ್ತದಾ? ಇವತ್ತು ಕೃಷ್ಣಗಿರಿ ಕೋರ್ಟಲ್ಲಿ ಹೇಳೇ ಹೇಳ್ತೀನಿ.”

“ಹೇಳು. ನಾಳೆ ನಿನ್ ಮುಖಕ್ಕೂ ಸುತ್ತು ಹಾಕ್ತಾರೆ. ನಮ್ಮೂರು ಆಲಸನತ್ತಂನಲ್ಲಿ ಆಗ್ಲೇ ಯಾರೂ ನಮ್ಮಂಗ್ಡಿ ಮೆಟ್ಲು ಹತ್ತಲ್ಲ.”

“ಆ ಹುಡುಗ ಜೈಲಲ್ಲವ್ನೆ. ನನ್ನ ಬಿಟ್ರೆ ನೋಡ್ದೋರು ಯಾರವ್ರೆ?”

“ಊರೆಲ್ಲಾ ನೋಡೈತೆ, ಟಿವಿಲಿ.”

ಆ ವಿಡಿಯೋ ನಾನೂ ನೋಡಿದ್ದೆ. ಮಚ್ಚು ಎಂದೇ ನಂಬಿ ತಂಗಿಗೂ ಕಳಿಸಿದ್ದೆ.

“ಲಕ್ಷ್ಮೀ, ಆಣೆ ಮಾಡಿ ಹೇಳು. ಅವನ ಕೈಲಿದ್ದದ್ದು ಬಾಟ್ಲಿನೇನಾ?”

ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು.

“ಬಾಟ್ಲಿನೇ ಕಣಯ್ಯ. ಆದ್ರೆ ಈಗ ಕಣ್ಮುಚ್ಚಿದ್ರೆ ಆ ಕೆಂಪು ಸುತ್ತೇ ಬರ್ತದೆ. ಬಾಟ್ಲಿ ಕಾಣಾಕಿಲ್ಲ.”

ಕೃಷ್ಣಗಿರಿ ಬಸ್ಸು ಬಂತು. ಗಂಡ ಅವಳ ಕೈ ಹಿಡಿದು ಆಲಸನತ್ತಂ ಬಸ್ಸಿನ ಕಡೆಗೆ ನಡೆದ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.