ತಗಡಿನ ಶೆಡ್ಡಿನ ಮಧ್ಯಾಹ್ನ

...ಕುಂದರ್ರಿ ಮನೋಹರಣ್ಣ, ಈಗರೆ ಬಂದೀರಿ. ನಾಳೆ ಲೇಬರ್ ಸಾಹೇಬ ಸೈಟಿಗಿ ಬಂದಾಗ ನಾ ಏನ್ ಹೇಳಬೇಕು, ತಿಳೀತ್ರಿ. "ನನ್ನ ಗಂಡ ಭೀಮಣ್ಣಗ ಹುಟ್ಟಿದಾಗಿಂದ ಮೂರ್ಛೆ ರೋಗ ಇತ್ರಿ, ಬಿಸಲಿಗಿ ಸತ್ತಿಲ್ರಿ." ಬರೋಬ್ಬರಿ ಅದ ಇಲ್ಲ? ಗಂಡನ ಹೆಸರು ಬಾಯಾಗ ತರಬಾರದು. ನಿಮ್ಮ ಸಲುವಾಗಿ ತಂದೆ ನೋಡ್ರಿ.

ಯಾಕ ನಗ್ತೀರಿ? ಹೇಳ್ತೀನಿ ಅಂದೆನಲ್ಲ. ಪುಣೆ ತಂಪು ಊರು, ಬರ್ರಿ ಅಂತ ಸೇಡಮ್‌ದಿಂದ ಹಡಪಸರಕ್ಕ ನಮ್ಮನ್ನ ಕೂಲಿಗಿ ಕರಕೊಂಡು ಬಂದ ಮುಕಾದಮರು ನೀವು. ನಿಮ್ಮ ಮಾತು ತಗದು ಹಾಕ್ಲಾ?

ಬೆವರು ಒರಸ್ಕೋರಿ. ಹೌದು, ತಗಡು ಕಾದದ. ಫ್ಯಾನ್ ಹ್ಯಾಂಗ ತಿರಗತದ್ರಿ, ಹಗಲಿ ಶೆಡ್ಡಿಗಿ ಕರೆಂಟ್ ಬ್ಯಾಡ ಅಂದವರು ನೀವಾ. ನೀರಾ? ಟ್ಯಾಂಕರ್ ಬಂದಿಲ್ಲ.

ನಮ್ಮವರು ಸತ್ತ ದಿನಾನೂ ಇಂಥಾದ್ದಾ ಬಿಸಲು. ಮುಂಜಾನಿ ಕಾಯಿ ಒಡದ್ರಿ, ಜಿಲೇಬಿ ಹಂಚಿದ್ರಿ, ಸ್ಲ್ಯಾಬ್ ಹಾಕೋದು ಚಾಲೂ. ನಡುವ ನಿಂತ್ರ ಹಳೇ ಮಾಲು ಹೊಸಾ ಮಾಲು ಕೂಡೂದಿಲ್ಲ, ಜೋಡ್ ಬಿದ್ದು ಸೋರತದ, ಮುಗಿಯೋ ತನಕ ಯಾರೂ ಕೆಳಗ ಇಳೀಬಾರದು. ಖರೆ, ಕಾಂಕ್ರೀಟಿನ ರೀತಿ ನನಗೂ ಗೊತ್ತದ. ಆದರ ನಮ್ಮವರು ತಲಿ ತಿರಗ್ಲತದ, ಇಳೀತೀನಿ ಅಂದಾಗ ಏನಂದ್ರಿ? ನಾಟಕ ಮಾಡಬ್ಯಾಡ ಅಂದ್ರಿ.

ಬಿದ್ದ ಮ್ಯಾಲ ಮೂರ್ಛೆ, ಮೂರ್ಛೆ ಅಂತ ಒದರಿದ್ರಿ. ಕೈಯಾಗ ಕೀಲಿಗೊಂಚಲ ಹಿಡಿಸಿದ್ರಿ, ಕಾಲಾಗಿನ ಕೆರ ತಗದು ಮೂಗಿಗಿ ಹಿಡದ್ರಿ. ನಾ ಕೊಡ ತಂದು ಮೈಮ್ಯಾಲ ಸುರೀಲಕ ಹ್ವಾದ್ರ ನನ್ನ ಕೈ ಜಗ್ಗಿದ್ರಿ. ಮೂರ್ಛೆ ಬಂದವಗ ನೀರು ಮುಟ್ಟಸಬಾರದು, ಸೆಟದು ಹೋಗ್ತಾನ ಅಂದ್ರಿ. ನಮ್ಮೂರಾಗ ಹಂಗಾ ಮಾಡ್ತಾರ, ನಾನೂ ನಂಬಿದೆ. ದವಾಖಾನಿ ಡಾಕ್ಟರ್ ಏನಂದ? ಬಿಸಲು ಬಡದದ, ಆಗಿಂದಾಗ ನೀರು ಸುರದಿದ್ರ ಉಳೀತಿದ್ದ ಅಂದ.

...ಗೊತ್ತಿರಲಿಲ್ಲ ಅಂತೀರಾ? ಇರಲಿ, ಒಪ್ಪಿದೆ. ಈಗ ಗೊತ್ತಾಗ್ಯಾದಲ್ಲ! ಆದರೂ ಸತ್ತವನ ಮ್ಯಾಲ ರೋಗ ಹೊರಸ್ತೀರಿ. ಮೂರ್ಛೆ ಮನೆತನ ಅಂತ ಊರಾಗ ಹೆಸರಾದ್ರ ನನ್ನ ಮಗಳು ಅಂಬಾನ ಯಾರು ಮಾಡ್ಕೋತಾರ? ಗಂಡನ್ನ ತಿಂದ್ರಿ, ಈಗ ಮಗಳ ಬಾಳ್ವಿಗಿ ಕೈ ಹಾಕೀರಿ.

ಎಲ್ಲಿಗಿ ಹೊಂಟ್ರಿ? ಬಾಗಿಲ ದಬ್ಬಬ್ಯಾಡ್ರಿ. ಬಿಸಲಿಗಿ ತಗಡು ಉಬ್ಬಿ ಹಂಗಾ ಹಿಡೀತದ, ಸಂಜಿಗಿ ತಾನಾ ಸಡ್ಲ ಆಗ್ತದ. ಒದೀಲಕ ಹ್ವಾದ್ರ ನಿಮಗಾ ದಣಿವು.

ನಾ ಕೇಳೋದು ಒಂದಾ. "ಅವಗ ಯಾವ ರೋಗನೂ ಇರಲಿಲ್ಲ, ನಾನಾ ಕೆಳಗ ಇಳೀಲಕ ಬಿಡಲಿಲ್ಲ." ಇಷ್ಟು ನಿಮ್ಮ ಬಾಯಿಲೆ ಅನ್ರಿ. ...ಏನಂದ್ರಿ? ತಿಳೀಲಿಲ್ಲ. ನಾಲಗಿ ತೊಡರ್ಲತದಲ್ಲ. ಬೆವರೂ ನಿಂತದ. ನಮ್ಮವರದೂ ಹಿಂಗಾ ನಿಂತಿತ್ತು. ಆಗ ನಾ, ಮೈ ತಂಪಾತು, ಛಲೋ ಆತು ಅಂದ್ಕೊಂಡಿದ್ದೆ.

ಅನ್ರಿ... ಮನೋಹರಣ್ಣ?

ಮನೋಹರಣ್ಣ...

ಹ್ಞಾಂ ಸಾಬವ್ವ, ನೀ ಹೊರಗಿಂದ ಕರದದ್ದು ಕೇಳಸ್ಲತದ. ಬಿದ್ದಾನ. ಥೇಟ್ ನಿಮ್ಮಣ್ಣ ಸ್ಲ್ಯಾಬಿನ ಮ್ಯಾಲ ಬಿದ್ದಂಗ... ಹೂಂ, ಉಸಿರದ ಇನ್ನ. ...ಬ್ಯಾಡ. ಕೈ ತಗಿ. ನಾ ಹೇಳೋ ತನಕ ಹೊರಗಿನ ಚಿಲಕ ತಗೀಬ್ಯಾಡ.